ಮೊದಲು ಹಾರಬೇಡ

ಪೆನಾಲ್ಟಿ ಕಿಕ್‌ಗೆ ಗೋಲ್‌ಕೀಪರ್ ಮೊದಲೇ ಹಾರಬಾರದು. ಇದನ್ನು ನಾನು ಕೆಲಸದಲ್ಲಿದ್ದಷ್ಟು ಕಾಲವೂ ಹೇಳಿದೆ. ಹೇಳಿದ್ದಕ್ಕೆ ಬೈಸಿಕೊಂಡೆ, ನಗೆಪಾಟಲಾದೆ, ಕೊನೆಗೆ ಮನೆಗೂ ಬಂದೆ. ಈಗ ಪೆನ್ಷನ್ ತೆಗೆದುಕೊಂಡು ಹ್ಯಾನೋವರಿನ ಲಿಫ್ಟಿಲ್ಲದ ಮನೆಯೊಂದರಲ್ಲಿ ಕೂತಿದ್ದೇನೆ, ಈಗಲೂ ಅದನ್ನೇ ಹೇಳುತ್ತೇನೆ. ಗೋಲ್‌ಕೀಪರ್‌ಗಳಿಗೆ ತರಬೇತಿ ಕೊಡುವ ಕೆಲಸಕ್ಕೆ ಹೊಸದಾಗಿ ಸೇರುವವರು ಆಗಾಗ ಫೋನ್ ಮಾಡುತ್ತಾರೆ. ಯಾವ ಆ್ಯಪ್ ಒಳ್ಳೆಯದು, ಯಾವ ಕೋಚಿಂಗ್ ಲೈಸೆನ್ಸ್ ಮಾಡಿದರೆ ಬೇಗ ಮೇಲೆ ಹೋಗಬಹುದು ಅಂತ ಕೇಳುತ್ತಾರೆ. ಮೇಲೆ ಹೋಗುವ ವಿಚಾರ ನನ್ನನ್ನು ಕೇಳಬೇಡಿ. ನಾನು ಎಷ್ಟು ಮೇಲೆ ಹೋದೆ ಅನ್ನುವುದು ಈ ಮನೆಯ ಮೆಟ್ಟಿಲು ಹತ್ತಿದವರಿಗೆಲ್ಲ ಗೊತ್ತು. ಕೆಲಸ ನಿಜಕ್ಕೂ ಹೇಗಿತ್ತು ಅಂತ ಬೇಕಾದರೆ ಹೇಳುತ್ತೇನೆ.

ನಾನು ಭದ್ರಾವತಿಯವನು. ಕಾರ್ಖಾನೆಯ ಹಿಂದಿನ ಮೈದಾನದಲ್ಲಿ, ಹುಲ್ಲಿಗಿಂತ ಕಲ್ಲೇ ಹೆಚ್ಚಿದ್ದ ನೆಲದಲ್ಲಿ ಗೋಲು ಕಾಯುವುದನ್ನು ಕಲಿತೆ. ಕಲಿತೆ ಅನ್ನುವುದೂ ದೊಡ್ಡ ಮಾತೇ. ಚೆಂಡು ಎಲ್ಲೇ ಬರಲಿ, ಹಾರುತ್ತಿದ್ದೆ. ಹಾರಿದಷ್ಟೂ ಚಪ್ಪಾಳೆ. ಮೊಣಕೈ ಕಿತ್ತು ರಕ್ತ ಬಂದರೆ ಸಿಳ್ಳೆ. ಮುಂದೆ ಮೆಕ್ಯಾನಿಕಲ್ ಓದುವ ನೆಪದಲ್ಲಿ ಹ್ಯಾನೋವರಿಗೆ ಬಂದೆ. ಅಕ್ಕ ಇಲ್ಲಿ ಆಗಲೇ ಡಾಕ್ಟರಾಗಿದ್ದಳು. ಓದು ಅರ್ಧಕ್ಕೆ ನಿಂತಿತು, ಊರಾಚೆಯ ಫುಟ್‌ಬಾಲ್ ಕ್ಲಬ್ಬೊಂದರಲ್ಲಿ ಆಟ ಶುರುವಾಯಿತು, ಆಮೇಲೆ ಅಲ್ಲೇ ತರಬೇತಿಯ ಕೆಲಸವೂ ಸಿಕ್ಕಿತು. "ಚೆಂಡು ಹಿಡಿಯೋಕೆ ಜರ್ಮನಿವರೆಗೂ ಬರಬೇಕಿತ್ತೇನೋ ಚಂದ್ರು?" ಅಂದಳು ಅಕ್ಕ. ಆಮೇಲೆ ಕೆಲವು ತಿಂಗಳು ಅವಳು ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಯೆಗೋರ್ ಕ್ರಾಮರ್ ಬಂದದ್ದು ಸೋವಿಯತ್ ದೇಶ ಒಡೆದುಹೋದ ಮೇಲೆ. ಕಜಕಿಸ್ತಾನದಲ್ಲಿ ಹುಟ್ಟಿದ ಜರ್ಮನ್ ಮನೆತನದವನು, ಅಲ್ಲಿನ ಗಣಿ ಊರೊಂದರ ತಂಡಕ್ಕೆ ಸೋವಿಯತ್ ಕಾಲದಲ್ಲಿ ಗೋಲು ಕಾದವನು. ಅಂಥ ಎತ್ತರವೇನಿಲ್ಲ. ಬಲಗೈಯ ಎರಡು ಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿದ್ದವು. ಅವನಾಡುವ ಜರ್ಮನ್ ಭಾಷೆ ಅಜ್ಜಿಯರ ಕಾಲದ್ದು, ನನ್ನದು ಮುರುಕಲು. ಕ್ಲಬ್ಬಿನವರು ಅವನನ್ನು ಗೋಲ್‌ಕೀಪರ್‌ಗಳ ಮುಖ್ಯ ಕೋಚ್ ಮಾಡಿದರು, ನನ್ನನ್ನು ಅವನ ಕೈಕೆಳಗೆ ಹಾಕಿದರು. ನನಗೆ ಉರಿದುಹೋಯಿತು. ಮೊದಲ ದಿನವೇ ಇವನಿಗೆ ನನ್ನ ಆಟ ತೋರಿಸಿಬಿಡೋಣ ಅಂತ ಗೋಲಿನಲ್ಲಿ ನಿಂತೆ. ಅವನು ಹೊಡೆದ, ನಾನು ಹಾರಿದೆ, ಹೊಡೆದ, ಹಾರಿದೆ. ಮೈಯೆಲ್ಲ ಕೆಸರು. ಎಷ್ಟೋ ಚೆಂಡು ಹಿಡಿದೂ ಇದ್ದೆ, ಹೊಗಳಲಿ ಅಂತ ಕಾದೆ. ಊರಲ್ಲಿ ಸರ್ಕಸ್ ಕಂಪನಿಯಲ್ಲಿದ್ದೆಯಾ ಅಂತ ಕೇಳಿದ.

ಆಮೇಲೆ ತಾನು ಹೋಗಿ ನಿಂತ, ಹೊಡಿ ಅಂದ. ಐವತ್ತರ ಹತ್ತಿರದ ಮನುಷ್ಯ. ನಾನು ಸಿಟ್ಟಿನಲ್ಲೇ ಹೊಡೆದೆ. ಅವನು ಒಂದು ಸಲವೂ ನೆಲಕ್ಕೆ ಬೀಳಲಿಲ್ಲ. ಎರಡು ಪುಟ್ಟ ಹೆಜ್ಜೆ ಆ ಕಡೆ, ಒಂದು ಈ ಕಡೆ, ಒಂದು ಮುಂದಕ್ಕೆ. ಚೆಂಡು ನೇರ ಎದೆಗೇ ಬರುತ್ತಿತ್ತು. ನಾನೇ ಗುರಿಯಿಟ್ಟು ಅವನ ಎದೆಗೆ ಹೊಡೆದೆನೇನೋ ಅನ್ನಿಸುವಷ್ಟು. ಕೀಪರ್ ಹಾರಬೇಕಾಯಿತು ಅಂದರೆ ಅದಕ್ಕೂ ಒಂದು ಕ್ಷಣ ಮುಂಚೆ ಅವನು ತಪ್ಪು ಜಾಗದಲ್ಲಿ ನಿಂತಿದ್ದ ಅಂತ ಅರ್ಥ, ಜನ ಚಪ್ಪಾಳೆ ಹೊಡೆಯುವುದು ಆ ತಪ್ಪಿಗೆ ಅಂದ. ಅಲ್ಲಿಗೆ ನನ್ನ ಭದ್ರಾವತಿಯ ಚಪ್ಪಾಳೆಗಳೆಲ್ಲ ಮಣ್ಣುಪಾಲಾದವು.

ಅವನ ಆಟದ ರೀತಿಯನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಈಗಿನ ಕೋರ್ಸುಗಳಲ್ಲಿ ಇದನ್ನೆಲ್ಲ ಹೊಸ ಸಂಶೋಧನೆ ಅನ್ನುವ ಹಾಗೆ ಕಲಿಸುತ್ತಾರೆ. ಕೀಪರ್‌ಗಳು ಗೋಲಿನ ಗೆರೆಗೆ ಕಟ್ಟಿಹಾಕಿದ ಹಾಗೆ ನಿಲ್ಲುತ್ತಿದ್ದ ಕಾಲದಲ್ಲಿ ಅವನು ಪೆನಾಲ್ಟಿ ಬಾಕ್ಸಿನ ಅಂಚಿಗೆ ಬಂದು ನಿಲ್ಲುತ್ತಿದ್ದ. ರಕ್ಷಣೆಯವರ ಹಿಂದೆ ಬಿದ್ದ ಚೆಂಡನ್ನು ಕಾಲಿನಲ್ಲೇ ಗುಡಿಸಿಹಾಕುತ್ತಿದ್ದ. ಜನ ಗುಂಪುಗಟ್ಟಿದ ಕಡೆ ಚೆಂಡು ಹಿಡಿಯಲು ಹೋಗುತ್ತಿರಲಿಲ್ಲ, ಮುಷ್ಟಿಯಲ್ಲಿ ಗುದ್ದುತ್ತಿದ್ದ, ಅದೂ ಪಕ್ಕಕ್ಕೆ, ಯಾವತ್ತೂ ನಡುವಿಗಲ್ಲ. ಕೈಗೆ ಚೆಂಡು ಸಿಕ್ಕರೆ ಒದೆಯುತ್ತಿರಲಿಲ್ಲ. ತೋಳು ಬೀಸಿ ಎಸೆದರೆ ಮೈದಾನದ ಅಂಚಿನಲ್ಲಿ ಓಡುತ್ತಿರುವವನ ಕಾಲಿಗೇ ಹೋಗಿ ಬೀಳಬೇಕು. ಮಳೆಯಿದ್ದರೆ ಉಣ್ಣೆಯ ಕೈಗವಸು, ಇಲ್ಲದಿದ್ದರೆ ಬರಿಗೈ. ಬಾಯಿಗಂತೂ ಬಿಡುವೇ ಇಲ್ಲ. ಪ್ರತಿಯೊಬ್ಬನನ್ನೂ ಹೆಸರು ಹಿಡಿದು ಕರೆಯುತ್ತಿದ್ದ, "ಏಯ್" ಅಂದರೆ ಹತ್ತೂ ಜನ ತಿರುಗುತ್ತಾರೆ ಅನ್ನುತ್ತಿದ್ದ. ಜಂಭದ ಮನುಷ್ಯ. ಯಾರ ಮಾತಿಗೂ ಸೊಪ್ಪು ಹಾಕುತ್ತಿರಲಿಲ್ಲ. ಕ್ಲಬ್ಬಿನ ಅಧ್ಯಕ್ಷರು ಮೈದಾನದ ಪಕ್ಕ ನಿಂತು ಸಲಹೆ ಕೊಟ್ಟರೆ, ಅವರ ಕಡೆಗೆ ಒಂದು ಜೊತೆ ಗ್ಲೌಸ್ ಎಸೆದು, ನೀವೇ ಬಂದು ಮಾಡಿ ತೋರಿಸಿ ಅಂತಿದ್ದ.

ಅವನ ಶಿಷ್ಯನಾದ ಮೇಲೆ ನಾನು ಮಾಡಿದ ದೊಡ್ಡ ಎಡವಟ್ಟು ಅಂದರೆ ಅವನನ್ನು ನಕಲು ಮಾಡಿದ್ದು. ನಮ್ಮಲ್ಲೊಬ್ಬ ಉದ್ದನೆಯ ಕೀಪರ್ ಇದ್ದ. ಅವನಿಗೆ ಮುಂದೆ ಬಾ, ಬಾಕ್ಸಿನ ಅಂಚಿಗೆ ಬಾ ಅಂತ ತಲೆಗೆ ತುಂಬಿದೆ. ಅವನು ಬಂದ. ಎದುರು ತಂಡದವನೊಬ್ಬ ಮೈದಾನದ ನಡುವಿನಿಂದ ಚೆಂಡೆತ್ತಿ ಇವನ ತಲೆ ಮೇಲಿಂದ ಗೋಲಿಗೆ ಹಾಕಿದ. ಕ್ಲಬ್ಬಿನ ಕ್ಯಾಂಟೀನಿನಲ್ಲಿ ಬಿಯರ್ ಹಿಡಿದವರೆಲ್ಲ ಒಂದು ವರ್ಷ ನನ್ನನ್ನು ಆಡಿಕೊಂಡರು. ಕ್ರಾಮರ್ ನಗಲಿಲ್ಲ. ಎಲ್ಲಿಗೆ ಬರಬೇಕು ಅಂತ ಹೇಳಿಕೊಟ್ಟಿದ್ದೀಯ, ಯಾವಾಗ ವಾಪಸ್ ಓಡಬೇಕು ಅಂತ ಹೇಳಿಕೊಟ್ಟಿಲ್ಲ ಅಂದ. ಅಷ್ಟೇ. ಹೊಸಬರೇ, ಈ ಕೆಲಸದ ಅರ್ಧ ಪಾಲು ಆ ಮಾತಿನಲ್ಲಿದೆ. ಇನ್ನರ್ಧ ಒದ್ದೆ ಗ್ಲೌಸ್ ಒಣಗಿಸುವುದು, ಚೆಂಡಿಗೆ ಗಾಳಿ ತುಂಬುವುದು, ಮತ್ತು ಸೋತ ಮೇಲೆ ಎಲ್ಲರೂ ಕೀಪರ್ ಕಡೆ ನೋಡುವಾಗ ಅವನ ಪಕ್ಕ ಹೋಗಿ ನಿಲ್ಲುವುದು.

ಕಾಲ ಬದಲಾಯಿತು. ವಿಡಿಯೋ ಬಂತು, ದೀಪ ಮಿಣುಕಿದ ಕೂಡಲೇ ಕೀಪರ್ ಮುಟ್ಟಬೇಕಾದ ಯಂತ್ರ ಬಂತು, ಎದೆಗೆ ಕಟ್ಟುವ ಸೆನ್ಸರ್ ಬಂತು. ನಾನು ಇದಕ್ಕೆಲ್ಲ ಮೂಗು ಮುರಿದವನಲ್ಲ. ಕಾರ್ನರ್ ಕಿಕ್ ಬಂದಾಗ ಹತ್ತಿರದ ಕಂಬಕ್ಕೆ ಅಂಟಿಕೊಂಡೇ ನಿಲ್ಲಬೇಕು ಅನ್ನುವುದು ಕ್ರಾಮರನ ಹಠ. ವಿಡಿಯೋ ನೋಡಿದರೆ ನಮಗೆ ಬೀಳುತ್ತಿದ್ದ ಗೋಲೆಲ್ಲ ದೂರದ ಕಂಬದ ಕಡೆಯಿಂದ. ಧೈರ್ಯ ಮಾಡಿ ಅವನಿಗೆ ತೋರಿಸಿದೆ. ಯಂತ್ರಕ್ಕೆ ರಷ್ಯನ್ ಭಾಷೆಯಲ್ಲಿ ಬಾಯಿಗೆ ಬಂದ ಹಾಗೆ ಬೈದು ಎದ್ದುಹೋದ. ಮಾರನೆಯ ದಿನ ನೋಡಿದರೆ ಕೀಪರ್‌ಗಳನ್ನೆಲ್ಲ ದೂರದ ಕಂಬದ ಕಡೆಗೆ ಒಂದೊಂದು ಹೆಜ್ಜೆ ಸರಿಸಿ ನಿಲ್ಲಿಸಿದ್ದಾನೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆದರೆ ಪೆನಾಲ್ಟಿಯ ವಿಷಯದಲ್ಲಿ ಅವನು ಒಂದಿಂಚೂ ಜಗ್ಗಲಿಲ್ಲ, ನಾನೂ ಜಗ್ಗಲಿಲ್ಲ.

ಪೆನಾಲ್ಟಿಯ ಲೆಕ್ಕಾಚಾರ ಇಷ್ಟೇ. ಬಹಳಷ್ಟು ಕೀಪರ್‌ಗಳು ಹೊಡೆಯುವವನು ಕಾಲೆತ್ತುವ ಮೊದಲೇ ಒಂದು ಕಡೆ ಊಹಿಸಿ ಹಾರಿಬಿಡುತ್ತಾರೆ. ಹಾರಿದರೆ ಚೆಂದ ಕಾಣುತ್ತದೆ, ಪ್ರಯತ್ನವನ್ನಾದರೂ ಮಾಡಿದ ಅಂತಾರೆ. ನಾವು ಹೇಳುತ್ತಿದ್ದದ್ದು ಬೇರೆ. ಕಾಲು ಚೆಂಡಿಗೆ ತಾಗುವವರೆಗೆ ನಿಂತಿರು. ಅವನು ಊರಿದ ಕಾಲನ್ನು ನೋಡು. ಆಮೇಲೆ ಹೋಗು. ಮೂಲೆಗೆ ಹೊಡೆದ ಒಳ್ಳೆಯ ಚೆಂಡು ಸಿಗುವುದಿಲ್ಲ, ನಿಜ. ಕೆಟ್ಟದ್ದು ಒಂದೂ ತಪ್ಪಿಸಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಾಡದೆ ನಿಂತವನನ್ನು ನೋಡಿದರೆ ಹೊಡೆಯುವವನ ಎದೆ ಹೊಡೆದುಕೊಳ್ಳುತ್ತದೆ. ಇದರಲ್ಲಿ ಒಂದೇ ತೊಂದರೆ. ಗೋಲಾದಾಗ ಕೀಪರ್ ಸುಮ್ಮನೆ ನಿಂತು ಬಿಟ್ಟುಕೊಟ್ಟ ಹಾಗೆ ಕಾಣುತ್ತದೆ.

ಕ್ರಾಮರನಿಗೆ ಆದದ್ದೂ ಅದೇ. ಒಂದು ಭಾನುವಾರ ಅವನ ಗಣಿ ಊರಿನಿಂದಲೇ ಜರ್ಮನಿಗೆ ಬಂದಿದ್ದ ಮುದುಕನೊಬ್ಬ ಮೊಮ್ಮಗಳ ಪಂದ್ಯ ನೋಡಲು ಬಂದ. ಕ್ರಾಮರನನ್ನು ಕಂಡು ಮುಖ ತಿರುಗಿಸಿದ. ಏನಪ್ಪಾ ಅಂತ ಕೇಳಿದರೆ ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದ: ಇವನು ಮ್ಯಾಚ್ ಮಾರಿಕೊಂಡವನು. ದೊಡ್ಡ ಕಪ್ ಪಂದ್ಯ ಪೆನಾಲ್ಟಿಗೆ ಹೋಯಿತಂತೆ. ಐದು ಕಿಕ್‌ಗೂ ಕ್ರಾಮರ್ ಕಂಬದ ಹಾಗೆ ನಿಂತನಂತೆ, ಐದೂ ಒಳಗೆ ಹೋದವಂತೆ. ಲಂಚ ತಿಂದಿದ್ದಾನೆ ಅಂತ ಊರೇ ಉಗಿಯಿತು, ತಂಡದಿಂದ ಹೊರಗೆ ಹಾಕಿದರು, ಆಮೇಲೆ ಯಾವ ದೊಡ್ಡ ತಂಡವೂ ಅವನನ್ನು ಕರೆಯಲಿಲ್ಲ.

ನಾನು ಕ್ರಾಮರನನ್ನು ಪಾರ್ಕಿಂಗಿನಲ್ಲಿ ಹಿಡಿದು ನೇರವಾಗಿ ಕೇಳಿದೆ, ನಿಜವಾ ಅಂತ. ಅವನು ಚೆಂಡಿನ ಚೀಲವನ್ನು ಡಿಕ್ಕಿಗೆ ಹಾಕಿ ಹೊರಟುಹೋದ. ಆ ಸೀಸನ್ ಪೂರ್ತಿ "ಚೆಂಡು ತಾ" ಅನ್ನುವುದು ಬಿಟ್ಟು ಬೇರೆ ಮಾತಿಲ್ಲ. ಮುಂದೆ ಸರಿಹೋದೆವು, ಆದರೆ ಆ ಪ್ರಶ್ನೆ ಇಬ್ಬರ ನಡುವೆ ಹಾಗೇ ಉಳಿಯಿತು. ಅವನು ನಿವೃತ್ತನಾದ, ಹೆಂಡತಿ ತೀರಿಕೊಂಡರು, ಕೊನೆಗೆ ವೃದ್ಧಾಶ್ರಮ ಸೇರಿದ. ಅವನ ಜಾಗಕ್ಕೆ ನಾನು ಬಂದೆ. ಅವನ ಪದ್ಧತಿಯನ್ನೇ ಕಲಿಸಿದೆ.

ಈಗ ಶ್ರಾವ್ಯಳ ವಿಷಯ. ಮೈಸೂರಿನವರ ಮಗಳು, ಹುಟ್ಟಿದ್ದು ಇಲ್ಲೇ. ಅಪ್ಪ ಅಮ್ಮ ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ. ನನ್ನೊಂದಿಗೆ ಮಾತ್ರ ಕನ್ನಡ, ಮೈದಾನದಲ್ಲಿ ಬೇರೆಯವರಿಗೆ ತಿಳಿಯದ ಹಾಗೆ ಮಾತಾಡಬಹುದಲ್ಲ ಅಂತ. ಕೀಪರ್‌ಗೆ ಬೇಕಾದ ಎತ್ತರ ಇಲ್ಲ ಅಂತ ಎರಡು ಕಡೆ ಬೇಡ ಅನ್ನಿಸಿಕೊಂಡು ನಮ್ಮ ಹೆಂಗಸರ ತಂಡಕ್ಕೆ ಬಂದಿದ್ದಳು. ಎಲ್ಲಿ ನಿಲ್ಲಬೇಕು ಅನ್ನುವುದು ಆ ಹುಡುಗಿಗೆ ಬಹಳ ಬೇಗ ತಲೆಗೆ ಹತ್ತಿತು. ಕ್ರಾಮರನ ಎರಡು ಪುಟ್ಟ ಹೆಜ್ಜೆಯನ್ನು ಅವಳ ಕಾಲಿನಲ್ಲಿ ಮತ್ತೆ ನೋಡಿದಾಗ ನನಗೆ ಕಣ್ಣು ತುಂಬಿತ್ತು. ಕ್ಲಬ್ಬು ಅವಳಿಗೆ ಮೊದಲ ಸಲ ಸಂಬಳದ ಕಾಂಟ್ರ್ಯಾಕ್ಟ್ ಕೊಡುವ ಮಾತಾಡುತ್ತಿತ್ತು. ಅದನ್ನು ನೆಚ್ಚಿಕೊಂಡು ದೂರದ ಇಂಗೋಲ್‌ಸ್ಟಾಟ್‌ನಲ್ಲಿ ಸಿಕ್ಕಿದ್ದ ಎಂಜಿನಿಯರಿಂಗ್ ಸೀಟನ್ನು ಅವಳು ಸದ್ಯಕ್ಕೆ ಬೇಡ ಅಂದಿದ್ದಳು.

ಅಷ್ಟರಲ್ಲಿ ಒಂದು ಕಪ್ ಪಂದ್ಯ ಪೆನಾಲ್ಟಿಗೆ ಹೋಯಿತು. ಶ್ರಾವ್ಯ ನಾನು ಕಲಿಸಿದ ಹಾಗೆ ನಿಂತಳು. ಎಲ್ಲ ಚೆಂಡೂ ಮೂಲೆಗೆ ಹೋದವು, ಎಲ್ಲವೂ ಗೋಲು. ಸೋತೆವು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು, ಬಸ್ ಕಾಯುತ್ತಿರುವ ಕೀಪರ್ ಅಂತ ಹೆಸರಿಟ್ಟು ಹಂಚಿದರು.

ಕ್ಲಬ್ಬಿನ ಕ್ರೀಡಾ ಮುಖ್ಯಸ್ಥ ಲ್ಯೂಡರ್ಸ್ ನಮ್ಮಿಬ್ಬರನ್ನೂ ಕರೆಸಿದ. ಕೆಟ್ಟವನಲ್ಲ, ಕೆಲಸ ಬಲ್ಲವನೇ. ಎದುರಾಳಿಗಳಲ್ಲಿ ಯಾರು ಯಾವ ಕಡೆ ಹೊಡೆಯುತ್ತಾರೆ ಅಂತ ವಿಡಿಯೋದಿಂದ ತೆಗೆದಿಡುತ್ತೇವೆ, ನೀನು ಆ ಕಡೆ ಮೊದಲೇ ಹಾರು, ಇನ್ನೊಂದು ಸಲ ಹೀಗೆ ನಿಂತರೆ ಕಾಂಟ್ರ್ಯಾಕ್ಟ್ ಇಲ್ಲ ಅಂದ. ಎಷ್ಟೋ ಹುಡುಗಿಯರು ಚೆಂಡನ್ನು ಒಂದೇ ಕಡೆ ಹೊಡೆಯುವುದಿಲ್ಲ, ಕೀಪರ್ ಹಾರಿದ್ದನ್ನು ನೋಡಿ ಆಚೆ ಕಡೆ ಹೊಡೆಯುತ್ತಾರೆ ಅಂತ ನಾನು ವಾದಿಸಿದೆ. ಆಗ ಅವನು ಆ ಮಾತು ಆಡಿದ. "ಹೆರ್ ಚಂದ್ರಶೇಖರ್, ಮ್ಯಾಚ್ ಮಾರಿದವನ ಪದ್ಧತಿಯನ್ನು ನಮ್ಮ ಮಕ್ಕಳಿಗೆ ಕಲಿಸಬೇಡಿ."

ಮುಖಕ್ಕೆ ಹೊಡೆದ ಹಾಗಾಯಿತು. ಶ್ರಾವ್ಯ ನನ್ನನ್ನೇ ನೋಡುತ್ತಿದ್ದಳು. ಕ್ರಾಮರ್ ಮಾರಿಕೊಂಡಿದ್ದನೋ ಇಲ್ಲವೋ ಅಂತ ಅಷ್ಟು ವರ್ಷವಾದರೂ ನನಗೂ ಗೊತ್ತಿರಲಿಲ್ಲ. ಹೊರಗೆ ಬಂದ ಮೇಲೆ ಅವಳ ಅಪ್ಪ ಫೋನ್ ಮಾಡಿದರು. "ಚಂದ್ರಣ್ಣ, ಒಂದ್ಸಲ ಹಾರಿಬಿಡ್ಲಿ ಬಿಡಿ. ಹಿಡೀದಿದ್ರೂ ಪರ್ವಾಗಿಲ್ಲ. ನೋಡೋರಿಗೆ ಹಾರಿದಳು ಅಂತ ಆಗ್ಲಿ, ಸಾಕು." ಪಾಪ, ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ಮಗಳು ಸೀಟು ಬಿಟ್ಟು ಕೂತಿದ್ದಳು.

ಎಸ್-ಬಾನ್ ರೈಲು ಹತ್ತಿ ನೇರ ವೃದ್ಧಾಶ್ರಮಕ್ಕೆ ಹೋದೆ. ಕ್ರಾಮರ್ ಕಿಟಕಿ ಪಕ್ಕ ಕಂಬಳಿ ಹೊದ್ದು ಕೂತಿದ್ದ, ನನ್ನ ಮುಖ ನೋಡಿ ಟಿವಿ ಆರಿಸಿದ. ಲ್ಯೂಡರ್ಸ್ ಹೇಳಿದ್ದನ್ನೆಲ್ಲ ಹೇಳಿದೆ. ನನಗಾಗಿ ಅಲ್ಲ, ಆ ಹುಡುಗಿಗಾಗಿ ಕೇಳುತ್ತಿದ್ದೇನೆ, ಮಾರಿಕೊಂಡಿದ್ದೆಯೋ ಇಲ್ಲವೋ ಹೇಳಿಬಿಡು ಅಂದೆ. ಈ ಸಲವೂ ಸುಮ್ಮನಿದ್ದರೆ ಎದ್ದು ಹೋಗಿಬಿಡಬೇಕು ಅಂತಲೇ ಬಂದಿದ್ದೆ.

ಅವನು ತನ್ನ ಸೊಟ್ಟ ಬೆರಳು ನೀವಿಕೊಂಡ. ಆಮೇಲೆ ಹೇಳಿದ. ಆ ಪಂದ್ಯದ ಹಿಂದಿನ ದಿನ ಅವನ ತಂಡದ ಕೋಚೇ ಅವನನ್ನು ಕರೆದನಂತೆ. ಈ ಪಂದ್ಯ ನಾವು ಸೋಲಬೇಕು, ಮೇಲಿನವರ ಇಷ್ಟ. ಪೆನಾಲ್ಟಿಗೆ ಹೋದರೆ ಪ್ರತಿ ಸಲ ಎಡಕ್ಕೆ ಹಾರು, ಬೇಗ ಹಾರು, ಅವರು ನೋಡಿಕೊಂಡು ಬಲಕ್ಕೆ ಹೊಡೆಯುತ್ತಾರೆ. ನೀನು ಒಪ್ಪಿದರೆ ನಿನಗೊಂದು ಫ್ಲ್ಯಾಟ್ ಸಿಗುತ್ತದೆ. ಕ್ರಾಮರ್ ಆಗ ಹೆಂಡತಿ ಮತ್ತು ಎಳೆಗೂಸಿನೊಂದಿಗೆ ಹಾಸ್ಟೆಲಿನ ಒಂದೇ ಕೋಣೆಯಲ್ಲಿದ್ದ.

"ಚೆಂದ ಹಾರು ಅಂದ," ಕ್ರಾಮರ್ ಹೇಳಿದ. "ಚೆಂದ ಹಾರಿದವನ ಮೇಲೆ ಯಾರಿಗೂ ಅನುಮಾನ ಬರಲ್ಲ ಅಂದ. ಅರ್ಥ ಆಯ್ತಾ? ಮಾರಿಕೊಂಡ ಕೀಪರ್ ಹಾರ್ತಾನೆ. ನಾನು ನಿಂತೆ. ಕೊನೇ ಗಳಿಗೆವರೆಗೂ ಚೆಂಡನ್ನೇ ನೋಡಿದೆ, ಒಂದಾದರೂ ಸಿಗಲಿ ಅಂತ. ಐದೂ ಒಳ್ಳೇ ಕಿಕ್. ಸಿಗಲಿಲ್ಲ."

ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಯಾರಿಗೆ ಹೇಳುವುದು, ವಿಚಾರಣೆಗೆ ಕೂತವರಲ್ಲಿ ಆ ಕೋಚೂ ಇದ್ದ ಅಂದ. ನನಗಾದರೂ ಹೇಳಬಹುದಿತ್ತಲ್ಲ ಅಂದೆ. ನೀನು ಕೇಳಿದ ರೀತಿ ವಿಚಾರಣೆಯ ಹಾಗೇ ಇತ್ತು ಅಂದ. ಫ್ಲ್ಯಾಟ್ ಯಾರಿಗೆ ಸಿಕ್ಕಿತು ಅನ್ನುವುದನ್ನು ನಾನು ಕೇಳಲಿಲ್ಲ, ಅವರು ಇನ್ನೂ ಹಲವು ವರ್ಷ ಆ ಹಾಸ್ಟೆಲಿನ ಕೋಣೆಯಲ್ಲೇ ಇದ್ದದ್ದನ್ನು ಅವನ ಹೆಂಡತಿಯೇ ಹಿಂದೊಮ್ಮೆ ಹೇಳಿದ್ದರು. ಹೊರಡುವಾಗ ಅವನು ಕೈ ಹಿಡಿದು ಒಂದು ಮಾತು ಹೇಳಿದ. ಈ ಕಥೆಯನ್ನು ಹುಡುಗಿಗೆ ಈಗ ಹೇಳಬೇಡ. ನಿಂತರೆ ತನಗಾಗಿ ನಿಲ್ಲಲಿ, ಒಬ್ಬ ಮುದುಕನ ಮೇಲಿನ ಕನಿಕರಕ್ಕೆ ನಿಲ್ಲುವುದು ಬೇಡ.

ಮೇಲಿನ ಲೀಗಿಗೆ ಏರುವ ಪಂದ್ಯವೂ ಸಮವಾಯಿತು, ಪೆನಾಲ್ಟಿಗೇ ಬಂದು ನಿಂತಿತು. ಲ್ಯೂಡರ್ಸ್ ಬಂದು ಯಾರು ಯಾವ ಕಡೆ ಅಂತ ಶ್ರಾವ್ಯಳಿಗೆ ಹೇಳಿ ಹೋದ. ಅವಳು ನೀರು ಕುಡಿದು ನನ್ನ ಕಡೆ ತಿರುಗಿದಳು.

"ನೀವೇನ್ ಹೇಳ್ತೀರ ಅಂಕಲ್?"

"ಕಾಂಟ್ರ್ಯಾಕ್ಟ್ ನಿಂದು, ಕಾಲೂ ನಿಂದು. ನಾನೇನೂ ಹೇಳಲ್ಲ ಕಣಮ್ಮ. ಹಾರಿದ್ರೂ ನೀನು ನನ್ನ ಕೀಪರ್ರೇ."

"ನೀವು ಏನೂ ಹೇಳ್ದೇ ಇರೋದು ಇದೇ ಫಸ್ಟ್ ಟೈಮ್," ಅಂದು ನಕ್ಕಳು. ಗ್ಲೌಸಿನ ಪಟ್ಟಿ ಹಲ್ಲಿನಲ್ಲಿ ಎಳೆದುಕೊಂಡು ಗೋಲಿನ ಕಡೆ ನಡೆದಳು.

ಮೊದಲನೆಯದಕ್ಕೆ ನಿಂತಳು, ಗೋಲು. ಎರಡನೆಯದಕ್ಕೂ ನಿಂತಳು, ಗೋಲು. ಸ್ಟ್ಯಾಂಡಿನಲ್ಲಿ ಸಿಳ್ಳೆ ಶುರುವಾಯಿತು, ಮೆಚ್ಚುಗೆಯ ಸಿಳ್ಳೆಯಲ್ಲ, ಇಲ್ಲಿ ಸಿಳ್ಳೆ ಹೊಡೆಯುವುದು ಛೀಮಾರಿ ಹಾಕಲಿಕ್ಕೆ. ಲ್ಯೂಡರ್ಸ್ ನನ್ನ ಕಡೆ ನೋಡಿದ. ನಾನು ಅವನ ಕಡೆ ನೋಡಲಿಲ್ಲ. ಎಲ್ಲೋ ಅವಳ ಅಪ್ಪ "ಹಾರು ಪುಟ್ಟಾ" ಅಂತ ಕನ್ನಡದಲ್ಲಿ ಕೂಗಿದ್ದು ಕೇಳಿಸಿತು. ಮೂರನೆಯ ಹುಡುಗಿ ಓಡಿಬಂದಳು. ಶ್ರಾವ್ಯ ಯಾವ ಕಡೆಗಾದರೂ ವಾಲುತ್ತಾಳೆ ಅಂತ ಅವಳು ಕಾದಳು, ಕಾದಳು, ಇವಳು ವಾಲಲಿಲ್ಲ. ಆ ಹುಡುಗಿ ಕಾಲು ತಡವರಿಸಿ ನೇರ ನಡುವಿಗೇ ಹೊಡೆದಳು. ಶ್ರಾವ್ಯ ಅದನ್ನು ಎದೆಗೆ ಹಿಡಿದುಕೊಂಡಳು, ಬೀಳದೆ, ಉರುಳದೆ, ಪೇಟೆಯಿಂದ ಬಂದ ಚೀಲ ಇಸಿದುಕೊಂಡ ಹಾಗೆ. ಸಿಳ್ಳೆ ನಿಂತಿತು. ನಾಲ್ಕನೆಯದನ್ನು ತಡವಾಗಿ ಹೋಗಿ ಬೆರಳ ತುದಿಯಲ್ಲಿ ಹೊರಕ್ಕೆ ತಳ್ಳಿದಳು. ನಾನು ಕುಣಿದುಬಿಟ್ಟೆ, ಈ ವಯಸ್ಸಿನಲ್ಲಿ.

ಆದರೆ ನಮ್ಮವರೂ ಎರಡು ಕಿಕ್ ಹಾಳು ಮಾಡಿಕೊಂಡರು, ಐದು ಮುಗಿದಾಗ ಮತ್ತೆ ಸಮ. ಆಮೇಲೆ ಒಂದೊಂದೇ ಕಿಕ್. ನಮ್ಮ ಕ್ಯಾಪ್ಟನ್ ಹೊಡೆದ ಚೆಂಡು ಅಡ್ಡಪಟ್ಟಿಗೆ ಬಡಿದು ವಾಪಸ್ ಬಂತು. ಅವರದು ಮೂಲೆಗೆ ಹೋಯಿತು, ಒಳ್ಳೆಯ ಕಿಕ್. ಶ್ರಾವ್ಯ ಅದಕ್ಕೂ ಮೊದಲೇ ಹಾರಲಿಲ್ಲ. ಸೋತೆವು.

ನಾನು ಹೋಗಿ ಅವಳ ಪಕ್ಕ ನಿಂತೆ. ಅವಳು ಅಳುತ್ತಿರಲಿಲ್ಲ, ಸಿಟ್ಟಿನಲ್ಲಿದ್ದಳು. ಕಾಂಟ್ರ್ಯಾಕ್ಟ್ ಬರಲಿಲ್ಲ. ಎರಡು ಹಿಡಿದಳಲ್ಲ ಅಂತ ಲ್ಯೂಡರ್ಸ್‌ಗೆ ಹೇಳಿದೆ, ಅದು ಅದೃಷ್ಟ ಅಂದ. ನಾಲ್ಕೈದು ಹಿಡಿದಿದ್ದರೂ ಅದನ್ನೇ ಅನ್ನುತ್ತಿದ್ದ. ನನ್ನನ್ನೂ ಮುಂದುವರಿಸಲಿಲ್ಲ, ಹೇಗಿದ್ದರೂ ವಯಸ್ಸಾಗಿತ್ತು. ಕ್ರಾಮರನ ಕಥೆಯನ್ನು ಅವಳಿಗೆ ಆಮೇಲೆ ಹೇಳಿದೆ, ಅವನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಈಗ ಅವಳು ಇಂಗೋಲ್‌ಸ್ಟಾಟ್‌ನಲ್ಲಿ ಓದುತ್ತಿದ್ದಾಳೆ, ಭಾನುವಾರ ಸಣ್ಣ ತಂಡವೊಂದಕ್ಕೆ ಗೋಲು ಕಾಯುತ್ತಾಳೆ, ಅಲ್ಲೂ ನಿಂತೇ ಕಾಯುತ್ತಾಳೆ. ನನ್ನ ಪದ್ಧತಿಯಿಂದ ಹುಡುಗಿಯ ಭವಿಷ್ಯ ಹಾಳಾಯಿತು ಅನ್ನುವವರಿದ್ದಾರೆ. ಅವಳನ್ನೇ ಕೇಳಿ.

ಅವತ್ತು ಪಂದ್ಯ ಮುಗಿದ ಮೇಲೆ, ಡ್ರೆಸ್ಸಿಂಗ್ ರೂಮಿನ ಹೊರಗೆ ನಿಂತು ಕ್ರಾಮರನಿಗೆ ಫೋನ್ ಮಾಡಿದೆ. ಸೋತದ್ದನ್ನು ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಅವನು ಹಲೋ ಅನ್ನಲಿಲ್ಲ.

"ಮೊದಲೇ ಹಾರಿದಳಾ?"

"ಇಲ್ಲ."

"ಒಂದಕ್ಕೂ?"

"ಒಂದಕ್ಕೂ ಇಲ್ಲ."

ಗೆದ್ದವರು ಯಾರು ಅಂತ ಈಗ ಕೇಳುತ್ತಾನೆ ಅಂತ ಕಾದೆ. ಕೇಳಲಿಲ್ಲ.

"ಹಾಗಾದ್ರೆ ನಾವೀಗ ಇಬ್ಬರಾದ್ವಿ," ಅಂದು ಫೋನ್ ಇಟ್ಟ.